ಅರಾಲ್ಡೈಟ್ 'ಒಣಗುತ್ತದೆ' ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಪಿಯುಸಿ ಮಕ್ಕಳಿಗಾಗಿ ಎಪಾಕ್ಸೈಡ್ ಬಗ್ಗೆ ನಾಲ್ಕು ಪುಟ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಪದಕ್ಕೆ ಬಂದು ಗಾಡಿ ನಿಂತಿದೆ. ಎರಡು ಟ್ಯೂಬಿನ ಅಂಟು ಇರುತ್ತದಲ್ಲ, ಅರಾಲ್ಡೈಟ್ ತರಹದ್ದು, ಅದು ಗಟ್ಟಿಯಾಗುವುದಕ್ಕೆ ಇಂಗ್ಲಿಷಿನವರು 'ಕ್ಯೂರ್' ಅನ್ನುತ್ತಾರೆ. ನಾವು ಏನನ್ನೋಣ?

ಮೊದಲು ಸುಮ್ನೆ 'ಒಣಗು' ಎಂದು ಬರೆದಿದ್ದೆ. ಆಮೇಲೆ ಹೊಡೆದುಹಾಕಿದೆ. ಒಣಗಬೇಕಾದರೆ ನೀರೋ ಮತ್ತೊಂದೋ ಆರಿಹೋಗಬೇಕು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಈ ಅಂಟನ್ನು ಕಲಸಿ ಡಬ್ಬಿಯಲ್ಲಿ ಮುಚ್ಚಿಟ್ಟರೂ ಗಟ್ಟಿಯಾಗುತ್ತದೆ.

ಒಳಗೆ ನಡೆಯುವುದೇ ಬೇರೆ. ಮೊದಲ ಟ್ಯೂಬಿನಲ್ಲಿರುವ ರೆಸಿನ್ನಿನ ಅಣುಗಳಲ್ಲಿ ಎಪಾಕ್ಸೈಡ್ ಇರುತ್ತದೆ. ಎಪಾಕ್ಸೈಡ್ ಅಂದರೆ ಎರಡು ಕಾರ್ಬನ್, ಒಂದು ಆಕ್ಸಿಜನ್ ಸೇರಿದ ಮೂರು ಮೂಲೆಯ ಉಂಗುರ. ಇಂಥ ಕಾರ್ಬನ್ನಿನ ಬಂಧಗಳ ನಡುವೆ ಸುಮಾರು 109 ಡಿಗ್ರಿ ಇದ್ದರೆ ಅದಕ್ಕೆ ಆರಾಮ. ಇಲ್ಲಿ 60ರ ಆಸುಪಾಸಿಗೆ ಬಗ್ಗಿಸಿ ಕೂರಿಸಿದೆ. ಹಾಗಾಗಿ ನೆಪ ಸಿಕ್ಕರೆ ಸಾಕು, ಉಂಗುರ ಬಿಚ್ಚಿಕೊಳ್ಳುತ್ತದೆ. ಎರಡನೇ ಟ್ಯೂಬಿನ ಹಾರ್ಡ್‌ನರ್, ಅಂದರೆ ನೈಟ್ರೋಜನ್ ಇರುವ ಅಮೀನ್, ಬಂದು ಕಾರ್ಬನ್ನಿಗೆ ಕೂಡಿಕೊಳ್ಳುತ್ತದೆ, ಆಕ್ಸಿಜನ್ ಒಂದು ಹೈಡ್ರೋಜನ್ ಪಡೆದು ಹೈಡ್ರಾಕ್ಸಿಲ್ ಆಗುತ್ತದೆ. ಹೀಗೇ ಒಂದಕ್ಕೊಂದು ಹೆಣೆದು ಬಲೆಯಾಗುತ್ತದೆ. ಒಮ್ಮೆಗೇ ಜಾಸ್ತಿ ಅಂಟು ಕಲಸಿದರೆ ಬಟ್ಟಲು ಬಿಸಿಯಾಗುವುದೂ ಇದರಿಂದಲೇ.

ಹುಬ್ಬಳ್ಳಿಯಲ್ಲಿ ನಮ್ಮ ಮನೆಗೆ ಬರುವ ಬಡಿಗೇರರನ್ನು ಕೇಳಿದೆ. "ಸೆಟ್ ಆಗ್ತದ್ರೀ" ಅಂದರು. ಕನ್ನಡದಾಗ ಹೇಳ್ರಿ ಅಂದೆ. ರಂಧಾ ಹೊಡೆಯುವುದನ್ನು ನಿಲ್ಲಿಸಿ, "ಹೆಪ್ಪುಗಟ್ಟತದ ಅನ್ರಿ, ಮೊಸರಿನಂಗ" ಅಂದರು.

ನನಗೆ ಇದು ಬಹಳ ಹಿಡಿಸಿತು. ಹಾಲು ಮೊಸರಾಗುವಾಗಲೂ ಏನೂ ಆರಿಹೋಗುವುದಿಲ್ಲ. ಅಲ್ಲೂ ಪ್ರೋಟೀನು ಬಲೆ ಕಟ್ಟುತ್ತದೆ. ಬೆಚ್ಚಗಿದ್ದರೆ ಬೇಗ, ಥಂಡಿಯಲ್ಲಿ ತಡ. ಅಂಟಿನದೂ ಅದೇ ಕಥೆ. ಮೊಸರು ಮತ್ತೆ ಹಾಲಾಗುವುದಿಲ್ಲ, ಅಂಟೂ ಹಾಗೇ.

ಆದರೆ ಎರಡು ತೊಡಕಿವೆ. ನೀರು ಮಂಜುಗಡ್ಡೆಯಾಗುವುದಕ್ಕೂ 'ಹೆಪ್ಪುಗಟ್ಟು' ಎಂದೇ ಬರೆಯುತ್ತೇವೆ. ಮಂಜು ಕರಗುತ್ತದೆ, ಗಟ್ಟಿಯಾದ ಎಪಾಕ್ಸಿ ಅಂಟು ಕಾಯಿಸಿದರೂ ಕರಗುವುದಿಲ್ಲ. ಇದನ್ನು ಒಂದು ಸಾಲಿನಲ್ಲಿ ಹೇಳಿ ದಾಟಬಹುದು. ಎರಡನೆಯದು ದೊಡ್ಡದು. ಹಾರ್ಡ್‌ನರ್‌ಗೆ 'ಹೆಪ್ಪು' ಅಂದುಬಿಟ್ಟರೆ? ಒಂದು ಬೋಗುಣಿ ಹಾಲಿಗೆ ಅರ್ಧ ಚಮಚ ಹೆಪ್ಪು ಸಾಕು. ಇಲ್ಲಿ ಎರಡೂ ಟ್ಯೂಬಿನಿಂದ ಸಮಸಮ ಹಿಂಡಬೇಕು, ಅಮೀನೂ ಬಲೆಯೊಳಗೇ ಸೇರಿಹೋಗುತ್ತದೆ. ಹೆಪ್ಪು ಅಂದರೆ ಮಕ್ಕಳು ಅದನ್ನು ಕ್ಯಾಟಲಿಸ್ಟ್ (ಕ್ರಿಯೆಗೆ ವೇಗ ಕೊಟ್ಟು ತಾನು ಖರ್ಚಾಗದ ವಸ್ತು) ಎಂದು ಬರೆದು ಬರುತ್ತಾರೆ. ಹಾಗಾಗಿ ಕ್ರಿಯಾಪದ ಇಟ್ಟುಕೊಳ್ಳುತ್ತೇನೆ, ನಾಮಪದ ಬೇಡ. ಹಾರ್ಡ್‌ನರ್‌ಗೆ 'ಗಡಸುಕಾರಕ' ಅನ್ನುವುದಂತೂ ಕಚೇರಿ ಸುತ್ತೋಲೆಯ ಹಾಗಿದೆ.

ರೆಸಿನ್‌ಗೆ 'ರಾಳ' ಅನ್ನಲೂ ಮನಸ್ಸಿಲ್ಲ. ರಾಳ ಮರದ್ದು. ಇದು ಬಿಸ್ಫೀನಾಲ್-ಎ, ಎಪಿಕ್ಲೋರೋಹೈಡ್ರಿನ್ ಎಂಬ ಎರಡು ರಾಸಾಯನಿಕಗಳನ್ನು ಕಾಸ್ಟಿಕ್ ಸೋಡಾ ಹಾಕಿ ಕೂಡಿಸಿದ್ದು. ರೆಸಿನ್ ಎಂದೇ ಇರಲಿ.

ಗದಗ, ಹಾವೇರಿ ಕಡೆ ಬಡಿಗೇರರು, ಎಪಾಕ್ಸಿ ಫ್ಲೋರಿಂಗ್ ಹಾಕುವವರು ಆ ಎರಡನೇ ಟ್ಯೂಬಿಗೆ, ಎರಡನೇ ಡಬ್ಬಿಗೆ ಏನನ್ನುತ್ತಾರೆ? ಕೇಳಿದವರಿದ್ದರೆ ತಿಳಿಸಿ.