ಪಾರ್ಕಿನ ಗಿಡಕ್ಕ ನುಸಿ: ರವಿವಾರ ಎಲ್ಲಾರೂ ಕೂಡಿ ತೊಳೆಯೂದು

ಮನೆ 14: ಪಾರ್ಕಿನ ಗುಲಾಬಿ, ಚೆಂಡುಹೂವಿನ ಎಲಿ ತುಂಬ ಬಿಳಿ ಚುಕ್ಕಿ, ಕೆಳಗ ಸಣ್ಣ ಬಲಿ. ಮಾಳಿಗಿ ಮ್ಯಾಲಿನ ಬದನಿ ಗಿಡಕ್ಕೂ ಹಬ್ಬೇತಿ. ಆಸ್ಟ್ರೇಲಿಯಾದ ನೀಲಿ ಓಟ್ಸ್ ನುಸಿ ವಿಡಿಯೊ ಬಂದಿತ್ತಲ್ಲ, ಅದ ಏನ್ರಿ?

ಮನೆ 31: ಅದಲ್ರಿ. ಆ ಪೆಂಥೇಲಿಯಸ್ ಕುಲದ ನುಸಿ ಮೈ ನೀಲಿಗಪ್ಪು, ಕಾಲು ಕೆಂಪು, ಬೆನ್ನ ಮ್ಯಾಲೊಂದು ಕೆಂಪು ಚುಕ್ಕಿ, ಸುಮಾರು 1 ಮಿ.ಮೀ. ತಂಪು, ಹಸಿ ಚಳಿಗಾಲದಾಗ ಹುಲ್ಲುಗಾವಲು, ಓಟ್ಸ್, ಗೋದಿ ಹಾಳು ಮಾಡ್ತದ. ಬ್ಯಾಸಗಿಗೆ ತತ್ತಿ ಅಷ್ಟ ಉಳೀತಾವ. ಧಾರವಾಡದ ಈ ಮಾರ್ಚ್ ಬಿಸಿಲಾಗ ಬಲಿ ಕಟ್ಟೂದು ಜೇಡ ನುಸಿ. ಬಿಳಿ ಹಾಳಿ ಮ್ಯಾಲ ಎಲಿ ಝಾಡಸ್ರಿ. ಚುಕ್ಕಿ ನಡದಾಡಿದ್ರ ಅದ.

ಮನೆ 9: ಮಾಲಿಗೆ ಇಮಿಡಾಕ್ಲೋಪ್ರಿಡ್ ಕೀಟನಾಶಕ ಹೊಡಿ ಅಂತ ಹೇಳೇನಿ.

ಮನೆ 31: ತಡೀರಿ! ನುಸಿ ಕೀಟಲ್ಲ, ಎಂಟು ಕಾಲಿನ ಜೇಡನ ಬಳಗ. ಆ ಔಷಧಕ್ಕ ಸಾಯೂದಿಲ್ಲ, ಅದನ್ನ ತಿನ್ನೂ ಗುಲಗಂಜಿ ಹುಳ ಸಾಯ್ತಾವ. ವಾರದಾಗ ನುಸಿ ಇನ್ನೂ ಹೆಚ್ಚಾಗ್ತದ.

ಮನೆ 22: ಗಂಧಕದ ಪುಡಿ?

ಮನೆ 31: ನೀರಾಗ ಬೆರೆಯೂ 80% ಪುಡಿ ಲೀಟರಿಗೆ 3 ಗ್ರಾಂ ಸಾಕು, ಆದ್ರ 32 ಡಿಗ್ರಿ ದಾಟಿದ್ರ ಎಲಿ ಸುಡ್ತದ. ಈಗ ಬ್ಯಾಡ. ಬೇವಿನೆಣ್ಣಿ ಹೊಡದ ಎರಡು ವಾರದೊಳಗಂತೂ ಬ್ಯಾಡೇ ಬ್ಯಾಡ.

ಮೊದಲ ನೀರು. ಪೈಪಿನ ಬಾಯಿ ಬೆರಳಿಲೆ ಒತ್ತಿ ಎಲಿ ಕೆಳಗಿಂದ ಮ್ಯಾಲಕ ಹೊಡೀರಿ. ಮ್ಯಾಲಿಂದ ಸುರದ್ರ ನುಸಿಗೆ ಏನೂ ಆಗೂದಿಲ್ಲ, ಅದು ಕೂತಿದ್ದ ಅಡಿಯಾಗ. ಸಂಜಿಮುಂದ ಬೇವಿನೆಣ್ಣಿ: 15 ಲೀಟರ್ ಪಂಪಿಗೆ 75 ಮಿ.ಲೀ. ಎಣ್ಣಿ, 20 ಮಿ.ಲೀ. ದ್ರವ ಸೋಪು. ಎಣ್ಣಿ-ಸೋಪು ಮೊದಲ ಕಲಸಿ ಆಮ್ಯಾಲ ನೀರು ಹಾಕ್ರಿ, ಇಲ್ಲಂದ್ರ ಎಣ್ಣಿ ತೇಲಿ ಎಲಿ ಸುಡ್ತದ. ಒಂದ ಗಿಡಕ್ಕ ಹೊಡದು ಒಂದಿನ ನೋಡ್ರಿ.

ತತ್ತಿ ಉಳೀತಾವ. ಅದಕ್ಕ ಐದನೇ ದಿನ ಮತ್ತ, ಹತ್ತನೇ ದಿನ ಮತ್ತ. ಒಬ್ಬರು ಬಿಟ್ಟರೂ ಗಾಳಿಗೆ ಬಲಿ ಹಿಡದು ಪಕ್ಕದ ಮಾಳಿಗಿಗೆ ಬರ್ತಾವ.

ಮನೆ 14: ನಮ್ಮ ಮೆಣಸಿನಕಾಯಿ ಎಲಿ ಕೆಳಮುಖ ದೋಣಿ ಬೋರಲಾದಂಗ ಮುರಟೇತಿ.

ಮನೆ 31: ಅದು ಹಳದಿ ನುಸಿ ಇರಬೇಕು, ಬರಿಗಣ್ಣಿಗೆ ಕಾಣೂದಿಲ್ಲ. ಮ್ಯಾಲಮುಖ ಮುರಟಿದ್ರ ಥ್ರಿಪ್ಸ್ ಅನ್ನೂ ರಸ ಹೀರೂ ಸಣ್ಣ ಕೀಟ. ಬ್ಯಾಡಗಿ ರೈತರಿಗೆ ಇವೆರಡೂ ಕಾಟ. ಮುರಟಿದ ತುದಿ ಚಿವುಟಿ ಪಾಲಿಥಿನ್ ಚೀಲದಾಗ ಕಟ್ಟಿ ಕಸದ ಗಾಡಿಗೆ ಹಾಕ್ರಿ, ಗೊಬ್ಬರದ ಗುಂಡಿಗಲ್ಲ.

ಮನೆ 5: 3ನೇ ಕ್ರಾಸಿನ ಡಾಂಬರಿಲ್ಲದ ರಸ್ತೆದ ಧೂಳೂ ಕಾರಣೇನ್ರಿ?

ಮನೆ 31: ಹೌದ್ರಿ, ಧೂಳು ಹಿಡದ ಎಲಿ ಅಂದ್ರ ನುಸಿಗೆ ಬಾಳ ಪ್ರೀತಿ. ದಿನಾ ಬೆಳಿಗ್ಗೆ ನೀರು ಚಿಮುಕಸ್ರಿ.

ಮನೆ 22: ರವಿವಾರ 7ಕ್ಕ ಪಾರ್ಕು. ಎರಡು ಪಂಪು ನಮ್ಮಲ್ಲದಾವ, ಎಣ್ಣಿ ತರವ್ರು ಯಾರು?

ಮನೆ 9: ನಾ ತರ್ತೇನಿ. ಮಾಲಿಗೆ ಹೊಡೀಬ್ಯಾಡ ಅಂದೇನಿ.