ರಟ್ಟಿಗೆ ಅಂಟಿಸಿದ ಹಳೆಯ ಫೋಟೋಗಳ ಕಾಲನಿರ್ಣಯ ಮತ್ತು ಸಂರಕ್ಷಣೆ

ಪ್ರಶ್ನೆ:
ಹಳೆಯ ಫೋಟೋಗಳನ್ನು ಸಂಗ್ರಹಿಸುವ ಹವ್ಯಾಸ ಈಚೆಗೆ ಹತ್ತಿಕೊಂಡಿದೆ. ಸಿಕ್ಕಿರುವವುಗಳಲ್ಲಿ ಹೆಚ್ಚಿನವು ದಪ್ಪ ರಟ್ಟಿಗೆ ಅಂಟಿಸಿದವು. ಹೆಸರೂ ಇಲ್ಲ, ಇಸವಿಯೂ ಇಲ್ಲ. ಇವುಗಳ ಕಾಲವನ್ನು ಅಂದಾಜು ಮಾಡುವುದು ಹೇಗೆ? ರಟ್ಟಿನ ಅಂಚುಗಳು ಪುಡಿಯಾಗುತ್ತಿರುವುದರಿಂದ ಚಿತ್ರಗಳನ್ನು ಬಿಡಿಸಿ ಆಲ್ಬಮ್‌ಗೆ ಸೇರಿಸಬಹುದೇ?

ಉತ್ತರ 1:
ದಯವಿಟ್ಟು ಬಿಡಿಸಬೇಡಿ. ಚಿತ್ರ ಹರಿಯುವ ಭಯ ಒಂದು ಕಡೆಯಾದರೆ, ಕಾಲನಿರ್ಣಯಕ್ಕೆ ಮೊದಲ ಸುಳಿವು ಸಿಗುವುದೇ ಆ ರಟ್ಟಿನ ಅಳತೆಯಿಂದ. ಅದು ಸುಮಾರು 6.4 × 10 ಸೆಂ.ಮೀ. ಇದ್ದರೆ, ಪ್ಯಾರಿಸ್ಸಿನ ಫೋಟೋಗ್ರಾಫರ್ ಡಿಸ್ಡೇರಿ 1854ರಲ್ಲಿ ಪೇಟೆಂಟ್ ಪಡೆದ ‘ಕಾರ್ತ್ ದ ವಿಸಿತ್’ (ವಿಸಿಟಿಂಗ್ ಕಾರ್ಡ್ ಅಳತೆಯ ಫೋಟೋ) ಇರಬಹುದು. ಒಂದೇ ಗಾಜಿನ ಫಲಕದ ಮೇಲೆ ಹಲವು ಭಂಗಿಗಳನ್ನು ಮೂಡಿಸುವ ಆ ವಿಧಾನದಿಂದಾಗಿ ಫೋಟೋ ಅಗ್ಗವಾಯಿತು. ಸುಮಾರು 11 × 16.5 ಸೆಂ.ಮೀ. ಇದ್ದರೆ ಅದು 1860ರ ದಶಕದಲ್ಲಿ ಬಳಕೆಗೆ ಬಂದ, ಕ್ಯಾಬಿನೆಟ್ ಕಾರ್ಡ್ ಎಂಬ ದೊಡ್ಡ ಮಾದರಿ.

ಬಳಿಕ ಭೂತಗನ್ನಡಿ ಹಿಡಿದು ನೋಡಿ. ಚಿತ್ರದ ಮೈಯಲ್ಲಿ ಕಾಗದದ ನಾರುಗಳು ಕಾಣಿಸಿ, ಬೆಳಕಿನ ಭಾಗಗಳು ಹಳದಿಗಟ್ಟಿದ್ದರೆ ಅದು ಬಹುಮಟ್ಟಿಗೆ ಮೊಟ್ಟೆಯ ಬಿಳಿಲೋಳೆ ಬಳಿದು ತಯಾರಿಸುತ್ತಿದ್ದ ಆಲ್ಬುಮೆನ್ ಮುದ್ರಣ. ನಾರು ಕಾಣಿಸದೆ, ಓರೆಯಾಗಿ ಹಿಡಿದಾಗ ಕಪ್ಪು ಭಾಗಗಳ ಅಂಚಿನಲ್ಲಿ ನೀಲಿ ಬೆರೆತ ಬೆಳ್ಳಿಯ ಹೊಳಪು ಮಿನುಗಿದರೆ ಜೆಲಟಿನ್ (ಪ್ರಾಣಿಜನ್ಯ ಅಂಟು) ಬಳಿದ ಕಾಗದ, ಅಂದರೆ ಸಾಮಾನ್ಯವಾಗಿ 1880ರ ಈಚಿನದು. ಉಡುಪು ನೋಡಿ ಇಸವಿ ಹೇಳುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಹಳೆಯ ಉಡುಪು ತೊಟ್ಟು ಕ್ಯಾಮೆರಾದ ಮುಂದೆ ಕುಳಿತವರೂ ಇದ್ದಾರು.

ಉತ್ತರ 2:
ಮೇಲಿನ ಮಾತಿಗೆ ಸಂರಕ್ಷಣೆಯ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಆಲ್ಬಮ್‌ಗಳಲ್ಲಿ ತೀರಾ ಕೆಟ್ಟವು ಅಂಟು ಹಾಳೆಯ ಮೇಲೆ ಪ್ಲಾಸ್ಟಿಕ್ ಪರದೆ ಹೊದಿಸಿದವು: ವರ್ಷಗಳು ಕಳೆದಂತೆ ಆ ಅಂಟು ಚಿತ್ರವನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆಂದರೆ, ಎಬ್ಬಿಸಲು ಹೋದರೆ ಚಿತ್ರವೇ ಹರಿಯುತ್ತದೆ. ಪಿವಿಸಿ ಪ್ಲಾಸ್ಟಿಕ್ಕಿನ ಲಕೋಟೆಗಳೂ ಬೇಡ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಲಕೋಟೆಯಲ್ಲಿ, ಪುಡಿಯಾಗುವ ರಟ್ಟಿನ ಹಿಂದೆ ಆಮ್ಲರಹಿತ ದಪ್ಪ ಕಾಗದವನ್ನು ಆಸರೆಯಾಗಿಟ್ಟು, ತೇವವಿಲ್ಲದ ತಂಪು ಜಾಗದಲ್ಲಿ ಇರಿಸಿ. ಎಲ್ಲಿ, ಯಾವ ಗುಂಪಿನೊಂದಿಗೆ ಸಿಕ್ಕಿತೆಂಬುದನ್ನು ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ, ಹಿಂಬದಿಯ ಅಂಚಿನಲ್ಲಿ ಬರೆಯಿರಿ. ಹೆಸರಿಲ್ಲದ ಚಿತ್ರಕ್ಕೆ ಅದಕ್ಕಿಂತ ದೊಡ್ಡ ದಾಖಲೆ ಬೇರೆ ಸಿಗಲಾರದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ರಟ್ಟಿಲ್ಲದ, ಪೂರ್ತಿ ನೀಲಿ ಬಣ್ಣದ ಒಂದು ಚಿತ್ರವೂ ನನ್ನಲ್ಲಿದೆ. ಅದಕ್ಕೂ ಇದೇ ವ್ಯವಸ್ಥೆ ಸಾಕೇ?

ಉತ್ತರ 2:
ಅದು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಸಯನೋಟೈಪ್, ಅಂದರೆ ಕಬ್ಬಿಣದ ಲವಣಗಳಿಂದ ನೀಲಿಯಾಗಿ ಮೂಡುವ ಚಿತ್ರ, ಇರಬೇಕು. ಆಮ್ಲವನ್ನು ತಡೆಯಲೆಂದು ಕ್ಷಾರ ಬೆರೆಸಿದ ಸಂರಕ್ಷಣಾ ಕಾಗದ ಉಳಿದ ಎಷ್ಟೋ ಚಿತ್ರಗಳಿಗೆ ಒಗ್ಗಿದರೂ ಇದರ ನೀಲಿಯನ್ನು ಕೆಡಿಸುತ್ತದೆ. ಆದ್ದರಿಂದ ಕ್ಷಾರ ಸೇರಿಸದ ಕಾಗದವನ್ನೇ ಕೇಳಿ ಪಡೆಯಿರಿ. ಬೆಳಕಿಗೆ ಮಾಸಿದ್ದರೆ ಕೆಲಕಾಲ ಕತ್ತಲೆಯಲ್ಲಿಟ್ಟು ನೋಡಿ, ಬಣ್ಣ ಒಂದಿಷ್ಟು ಮರಳುವುದುಂಟು.