ಬಗ್ ವಿವರ ಬೇಕಾದರೆ ಮೊದಲು ಎನ್‌ಡಿಎಗೆ (ಗುಟ್ಟು ಬಿಟ್ಟುಕೊಡುವುದಿಲ್ಲ ಅನ್ನುವ ಕರಾರಿಗೆ) ಸಹಿ ಹಾಕಿ ಅಂತಿದ್ದಾರೆ, ಏನು ಮಾಡಲಿ?

ಮಳೆಹನಿ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ಇನ್ನಿಬ್ಬರು ಗೆಳೆಯರು ಆರು ವರ್ಷದಿಂದ ಸಿ ಭಾಷೆಯಲ್ಲಿ ಬರೆದ ಒಂದು ಸಣ್ಣ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸುವ ಕೋಡ್) ನೋಡಿಕೊಳ್ಳುತ್ತಿದ್ದೇವೆ. ಮಾಡ್‌ಬಸ್ ಅನ್ನುವ ಸಂವಹನ ಕ್ರಮದಲ್ಲಿ ಮಾತಾಡುವ ಮೀಟರ್‌ಗಳಿಂದ ರೀಡಿಂಗ್ ತೆಗೆಯುವುದು ಅದರ ಕೆಲಸ. ಲೈಸೆನ್ಸ್ ಜಿಪಿಎಲ್ ಆವೃತ್ತಿ 2, ಅಂದರೆ ಸೋರ್ಸ್ ಕೋಡನ್ನು ಯಾರು ಬೇಕಾದರೂ ಬಳಸಿ, ಬದಲಿಸಿ, ಅದೇ ಷರತ್ತಿನಲ್ಲಿ ಹಂಚಬಹುದು. ಸಂಬಳ ಯಾರಿಗೂ ಇಲ್ಲ. ರಾತ್ರಿ ಕೂತು ಮಾಡುವ ಕೆಲಸ.

ನಮ್ಮ ಲೈಬ್ರರಿಯನ್ನು ತನ್ನ ಗೇಟ್‌ವೇಯಲ್ಲಿ (ಮೀಟರ್‌ಗಳನ್ನು ನೆಟ್‌ವರ್ಕ್‌ಗೆ ಜೋಡಿಸುವ ಸಾಧನ) ಹಾಕಿ ಮಾರುವ ಒಂದು ಕಂಪನಿಯಿಂದ ಹೋದ ವಾರ ನನಗೊಬ್ಬಳಿಗೇ ಮೇಲ್ ಬಂತು. ಕೆಟ್ಟ ಪ್ಯಾಕೆಟ್ (ನೆಟ್‌ವರ್ಕ್‌ನಲ್ಲಿ ಬರುವ ಡೇಟಾದ ತುಣುಕು) ಬಂದರೆ ಮೆಮೊರಿ ಹಾಳಾಗುವ ಬಗ್ ಸಿಕ್ಕಿದೆಯಂತೆ. ವಿವರ ಬೇಕಾದರೆ ಮೊದಲು ಎನ್‌ಡಿಎ. ಅದರ ಪ್ರಕಾರ ಲೈಬ್ರರಿ ನೋಡಿಕೊಳ್ಳುವ ಉಳಿದ ಇಬ್ಬರಿಗೆ ನಾನು ಹೇಳುವಂತಿಲ್ಲ. ಅವರ ಗಿರಾಕಿಗಳಿಗೆಲ್ಲ ಅಪ್‌ಡೇಟ್ ಹೋಗುವವರೆಗೆ ನಮ್ಮ ರೆಪೊಗೆ (ಕೋಡ್ ಇಡುವ ಸಾರ್ವಜನಿಕ ಜಾಗ) ಬಗ್ ಸರಿಮಾಡುವ ಪ್ಯಾಚ್ ಹಾಕುವಂತಿಲ್ಲ. ಕಂಪನಿಯ ಹೆಸರು ಎಲ್ಲೂ ಬರುವಂತಿಲ್ಲ. ಇದೆಲ್ಲ ಯಾವಾಗ ಮುಗಿಯುತ್ತದೆ ಅಂತ ತಾರೀಖೇ ಇಲ್ಲ.

ಸಹಿ ಹಾಕದಿದ್ದರೆ ಬಗ್ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ, ಬಳಸುವವರಿಗೆ ಅಪಾಯ. ಹಾಕಿದರೆ ಇಷ್ಟು ವರ್ಷ ಜೊತೆಗಿದ್ದವರಿಂದ ಮುಚ್ಚಿಡಬೇಕು. ಮೂರು ದಿನದಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಹಳೇಕೈ

ಸಹಿ ಹಾಕಬೇಡಿ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಸೆಕ್ಯುರಿಟಿ ತಂಡವೇ ಎನ್‌ಡಿಎಗೆ ಸಹಿ ಹಾಕುವುದಿಲ್ಲ. ತಂಡ ಒಂದು ಔಪಚಾರಿಕ ಸಂಸ್ಥೆಯಲ್ಲ, ಹಾಗಾಗಿ ಆಗುವುದಿಲ್ಲ ಅಂತ ಕರ್ನಲ್ ದಾಖಲೆಯಲ್ಲೇ ಇದೆ. ಆ ಸಾಲಿನ ಲಿಂಕ್ ಕಳಿಸಿ, ಸಾಕು.

ಹಾಗಂತ ಗುಟ್ಟೇ ಬೇಡ ಅಂತಲ್ಲ. ಅತಿಯಾದರೆ ಕೆಲಸ ಕೆಡುತ್ತದೆ, ಅಷ್ಟೇ. ಪ್ರೊಸೆಸರ್‌ಗಳಲ್ಲಿದ್ದ ಸ್ಪೆಕ್ಟರ್, ಮೆಲ್ಟ್‌ಡೌನ್ ದೋಷಗಳು 2018ರ ಜನವರಿಯಲ್ಲಿ ಹೊರಬಂದವಲ್ಲ, ಅದಕ್ಕೂ ಮುಂಚೆ ಬೇರೆ ಬೇರೆ ಡಿಸ್ಟ್ರೋಗಳ (ಲಿನಕ್ಸ್ ಆವೃತ್ತಿಗಳನ್ನು ಸಿದ್ಧಮಾಡಿ ಹಂಚುವವರ) ಡೆವಲಪರ್‌ಗಳು ಒಬ್ಬರ ಹತ್ತಿರ ಒಬ್ಬರು ಮಾತಾಡಲಾಗದೆ ಒದ್ದಾಡಿದ್ದರು. ಒಂದೇ ಕೆಲಸವನ್ನು ಎಲ್ಲರೂ ಬೇರೆ ಬೇರೆ ಕೂತು ಮಾಡಿದರು. ಆಮೇಲೆ ಕರ್ನಲ್‌ನವರು ಹಾರ್ಡ್‌ವೇರ್ ದೋಷಗಳಿಗೆ ಅಂತಲೇ ಒಂದು ಕ್ರಮ ಬರೆದಿಟ್ಟರು. ಬೇಕಾದವರನ್ನೆಲ್ಲ ಒಳಗೆ ಕರೆಯುತ್ತಾರೆ, ಮಾತುಕತೆ ಎನ್‌ಕ್ರಿಪ್ಟ್ ಆದ ಮೇಲಿಂಗ್ ಲಿಸ್ಟ್‌ನಲ್ಲಿ ನಡೆಯುತ್ತದೆ. ಡಿಸ್ಟ್ರೋಗಳ ಖಾಸಗಿ ಲಿಸ್ಟ್‌ನಲ್ಲಂತೂ ಗುಟ್ಟಿಗೆ ಹೆಚ್ಚೆಂದರೆ 14 ದಿನ. ನಿಮ್ಮ ಮೂವರಿಗೂ ಗೊತ್ತಿರಲಿ, ಒಂದು ತಾರೀಖಿರಲಿ. ಅಷ್ಟನ್ನೇ ಕೇಳಿ.

ಬೆಸುಗೆ

ನಾನು ಇಂಥದ್ದೇ ಸಾಧನ ಮಾರುವ ಕಂಪನಿಯಲ್ಲಿ ಫರ್ಮ್‌ವೇರ್ (ಸಾಧನದೊಳಗೆ ಓಡುವ ಸಾಫ್ಟ್‌ವೇರ್) ಬರೆಯುತ್ತೇನೆ. ಆ ಕಡೆಯಿಂದ ಒಂದು ಮಾತು. ಬಿಡಿಭಾಗ ಕೊಡುವವರಿಗೆ ಕಳಿಸುವ ಎನ್‌ಡಿಎಯನ್ನೇ ಲೀಗಲ್‌ನವರು ಹೆಸರು ಬದಲಿಸಿ ನಿಮಗೂ ಕಳಿಸಿರುತ್ತಾರೆ. ಎಂಜಿನಿಯರ್ ಅದನ್ನು ಓದಿಯೂ ಇರುವುದಿಲ್ಲ. ಅವರಿಗೆ ನಿಜಕ್ಕೂ ಗುಟ್ಟಾಗಿಡಬೇಕಾದದ್ದು ಗಿರಾಕಿಯ ಹೆಸರು, ಅವರ ನೆಟ್‌ವರ್ಕ್‌ನ ಲಾಗ್, ಇನ್ನೂ ಬಿಡುಗಡೆಯಾಗದ ಮಾಡೆಲ್. ಬಗ್ ಸರಿಮಾಡಲು ಇದ್ಯಾವುದೂ ನಿಮಗೆ ಬೇಡ, ಅಲ್ವಾ? ಬಗ್ ಎಬ್ಬಿಸುವ ಒಂದೇ ಒಂದು ಪ್ಯಾಕೆಟ್ ಕೇಳಿ, ವಿಳಾಸ ಎಲ್ಲ ಅಳಿಸಿ ಕೊಡಲಿ. ಹೆಸರು ಹಾಕಬೇಡಿ ಅಂದರೆ ಒಪ್ಪಿಕೊಳ್ಳಿ, ಅದರಿಂದ ಯಾರಿಗೂ ನಷ್ಟವಿಲ್ಲ.

ಆದರೆ ತಮ್ಮ ಗಿರಾಕಿಗಳು ಮೊದಲು, ಉಳಿದವರು ಆಮೇಲೆ ಅನ್ನುವುದನ್ನು ಮಾತ್ರ ಒಪ್ಪಬೇಡಿ. ನಾವೂ ಒಮ್ಮೆ ಒಂದು ಪ್ಯಾಚನ್ನು ನಾಲ್ಕು ತಿಂಗಳು ಒಳಗೇ ಇಟ್ಟುಕೊಂಡಿದ್ದೆವು. ಅಷ್ಟರಲ್ಲಿ ಬೇರೆ ಯಾರೋ ಅದೇ ದೋಷ ಕಂಡುಹಿಡಿದು ಹೊರಗೆ ಹಾಕಿದರು. ನಿಮಗೆ ಯಾವಾಗಿಂದ ಗೊತ್ತಿತ್ತು ಅಂತ ನಮ್ಮ ಗಿರಾಕಿಯೇ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಬೇಜಾರಿದೆ.

ಕಟ್ಟೆಮಾತು

ಲೈಸೆನ್ಸ್ ಬಗ್ಗೆ ಒಂದು ವಿಷಯ. ಪ್ಯಾಚ್ ಹಾಕಿದ ಲೈಬ್ರರಿಯನ್ನು ಅವರು ಗಿರಾಕಿಗೆ ಕೊಟ್ಟ ದಿನವೇ ಆ ಗಿರಾಕಿಗೆ ಸೋರ್ಸ್ ಕೇಳುವ ಹಕ್ಕು ಬರುತ್ತದೆ, ಮುಂದೆ ಹಂಚುವ ಹಕ್ಕೂ ಬರುತ್ತದೆ. ಇದರ ಮೇಲೆ ಹೊಸ ನಿರ್ಬಂಧ ಹೇರುವಂತಿಲ್ಲ ಅಂತ ಜಿಪಿಎಲ್ 2ರ 6ನೇ ಕಲಮು ಹೇಳುತ್ತದೆ. ಹಾಗೆ ಹಂಚಿದ ಗಿರಾಕಿಯ ಜೊತೆಗಿನ ಕರಾರನ್ನು ಕಂಪನಿ ಮುರಿಯಬಹುದೇ ಅನ್ನುವುದು ಬೇರೆ ಜಗಳ. 2023ರ ಜೂನ್‌ನಲ್ಲಿ ರೆಡ್ ಹ್ಯಾಟ್ ಕಂಪನಿ ತನ್ನ ಎಂಟರ್‌ಪ್ರೈಸ್ ಲಿನಕ್ಸ್‌ನ ಸೋರ್ಸನ್ನು ಗಿರಾಕಿಗಳ ಪೋರ್ಟಲ್‌ಗೆ ಸೀಮಿತ ಮಾಡಿದಾಗ ಎದ್ದದ್ದು ಅದೇ ಜಗಳ. ನಿಮ್ಮ ವಿಷಯದಲ್ಲಿ ಅಷ್ಟು ದೂರ ಹೋಗಬೇಕಿಲ್ಲ. ಅಪ್‌ಡೇಟ್ ಹೊರಟ ಮೇಲೆ ಗುಟ್ಟು ಉಳಿಯುವುದಿಲ್ಲ ಅಂತ ಮೆತ್ತಗೆ ತಿಳಿಸಿ.

ಮಳೆಹನಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊದಲು ಆ ಮೇಲನ್ನು ನನ್ನ ಇಬ್ಬರು ಗೆಳೆಯರಿಗೆ ತೋರಿಸಿದೆ. ಸಹಿ ಹಾಕಿರಲಿಲ್ಲವಲ್ಲ, ತಡೆಯೇನೂ ಇರಲಿಲ್ಲ. ಆಮೇಲೆ ಮೂವರೂ ಸೇರಿ ಉತ್ತರ ಬರೆದೆವು: ಎನ್‌ಡಿಎ ಆಗುವುದಿಲ್ಲ, 14 ದಿನ ಬಾಯಿ ಬಿಡುವುದಿಲ್ಲ, ನಿಮ್ಮ ಹೆಸರು ಹಾಕುವುದಿಲ್ಲ, ಒಂದು ಪ್ಯಾಕೆಟ್ ಕೊಡಿ.

ಎರಡು ದಿನ ಸದ್ದಿರಲಿಲ್ಲ. ನಿನ್ನೆ ಅವರ ಎಂಜಿನಿಯರ್ ಒಬ್ಬರು ಪ್ಯಾಕೆಟ್ ಕಳಿಸಿದರು. ಉದ್ದ ಹೇಳುವ ಬೈಟ್‌ನಲ್ಲಿ 255 ಇತ್ತು. ಒಂದು ಸಲಕ್ಕೆ ಓದಬಹುದಾದದ್ದು 125 ರಿಜಿಸ್ಟರ್ (ಮೀಟರ್‌ನಲ್ಲಿ ಎರಡೆರಡು ಬೈಟ್‌ನ ಮೌಲ್ಯ ಇರುವ ಜಾಗ), ಅಂದರೆ 250 ಬೈಟ್. ಬಂದದ್ದನ್ನು ಇಟ್ಟುಕೊಳ್ಳುವ ನಮ್ಮ ಬಫರ್ ಕೂಡ ಅಷ್ಟೇ. ಬಂದ ಸಂಖ್ಯೆಯನ್ನು ಪರೀಕ್ಷಿಸದೆ ನಂಬಿದ ಸಾಲು ನಾನೇ ಬರೆದದ್ದು. ಪ್ಯಾಚ್ ಸಿದ್ಧವಿದೆ, ಗೆಳೆಯರು ನೋಡುತ್ತಿದ್ದಾರೆ. ಲೈಬ್ರರಿ ಬಳಸುವ ಉಳಿದವರಿಗೂ ಪ್ಯಾಚ್ ಹೊರಬರುವ ದಿನವೇ ತಿಳಿಸುತ್ತೇವೆ ಅಂತ ಕಂಪನಿಗೆ ಹೇಳಿದ್ದೇವೆ. ಲೀಗಲ್‌ನವರ ಉತ್ತರ ಇನ್ನೂ ಬಂದಿಲ್ಲ. ತಾರೀಖು ಮಾತ್ರ ಬದಲಾಗುವುದಿಲ್ಲ.